ಅಮೋನಿಯಂ ನೈಟ್ರೇಟ್ ವಹಿವಾಟು: ದಾಸ್ತಾನು ವಹಿಯೂ ಸಾರ್ವಜನಿಕ ಸುರಕ್ಷತೆಯೂ

ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಗೋದಾಮುಗಳಲ್ಲೆಲ್ಲ ಅಖೈರು ದಾಸ್ತಾನಿನ ಎಣಿಕೆ ನಡೆಯುತ್ತದೆ. ಸರಕು ಸಿಮೆಂಟ್ ಇರಲಿ, ನೂಲು ಇರಲಿ, ಎಣಿಕೆಯ ಉದ್ದೇಶ ಒಂದೇ: ಅಢಾವೆ ಪತ್ರಿಕೆಯಲ್ಲಿ ತೋರಿಸುವ ಮೌಲ್ಯ ಸರಿಯಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಹತ್ತು ಚೀಲ ಕಡಿಮೆ ಬಂದರೆ ಅದನ್ನು ಸೋರಿಕೆ ಅಥವಾ ತೂಕದ ವ್ಯತ್ಯಾಸವೆಂದು ಬರೆದು ಲಾಭ-ನಷ್ಟದ ಖಾತೆಗೆ ಹಾಕುವುದು ರೂಢಿಯಲ್ಲಿದೆ. ಸಾಮಾನ್ಯ ಸರಕಿನ ಮಟ್ಟಿಗೆ ಈ ರೂಢಿಯಲ್ಲಿ ದೋಷವಿಲ್ಲ. ಆದರೆ ಕೆಲವು ಕೈಗಾರಿಕಾ ರಾಸಾಯನಿಕಗಳ ವಿಷಯದಲ್ಲಿ ಇದೇ ರೂಢಿ ಅಪಾಯಕ್ಕೆ ದಾರಿಯಾಗುತ್ತದೆ. ಅವುಗಳಲ್ಲಿ ಮೊದಲು ಹೆಸರಿಸಬೇಕಾದುದು ಅಮೋನಿಯಂ ನೈಟ್ರೇಟ್. ಈ ಒಂದು ಸರಕನ್ನು ಮುಂದಿಟ್ಟುಕೊಂಡು, ಸಾರ್ವಜನಿಕ ಉಪಯೋಗ ಹಾಗೂ ಭದ್ರತೆ ಇವೆರಡರ ನಡುವಿನ ತೂಕವನ್ನು ವ್ಯಾಪಾರಿಯ ಲೆಕ್ಕದ ಪುಸ್ತಕ ಎಷ್ಟರ ಮಟ್ಟಿಗೆ ಕಾಯಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಉಪಯೋಗದ ಬದಿ

ಅಮೋನಿಯಾ ಹಾಗೂ ನೈಟ್ರಿಕ್ ಆಮ್ಲದಿಂದ ತಯಾರಾಗುವ ಈ ಬಿಳಿಯ ಹರಳು ನೋಡಲು ಸಾಬಕ್ಕಿಯನ್ನು ಹೋಲುತ್ತದೆ. ಇದರ ತೂಕದಲ್ಲಿ ಸುಮಾರು ಶೇ. 35ರಷ್ಟು ಸಾರಜನಕ ಇರುವುದರಿಂದ ಜಗತ್ತಿನ ಅನೇಕ ದೇಶಗಳಲ್ಲಿ ಇದು ನೇರವಾಗಿ ಗೊಬ್ಬರ. ಭಾರತದಲ್ಲಿ ಯೂರಿಯಾ ಪ್ರಧಾನವಾಗಿರುವುದರಿಂದ ಅಮೋನಿಯಂ ನೈಟ್ರೇಟ್‌ನ ದೊಡ್ಡ ಬಳಕೆ ಗಣಿಗಳಲ್ಲಿ. ಇಂಧನ ತೈಲದೊಂದಿಗೆ ಅಥವಾ ಎಮಲ್ಷನ್ ರೂಪದಲ್ಲಿ ಇದನ್ನು ಬಂಡೆ ಸಿಡಿಸಲು ಬಳಸುತ್ತಾರೆ. ವಿದ್ಯುತ್ ಸ್ಥಾವರಗಳಿಗೆ ಹೋಗುವ ತೆರೆದ ಗಣಿಯ ಕಲ್ಲಿದ್ದಲು, ಕಲಬುರಗಿ ಹಾಗೂ ಬಾಗಲಕೋಟೆ ಭಾಗದ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾದ ಸುಣ್ಣಕಲ್ಲು, ರಸ್ತೆ ಮತ್ತು ಕಟ್ಟಡಗಳಿಗೆ ಬೇಕಾದ ಜಲ್ಲಿ, ಇವುಗಳ ಹಿಂದೆ ಈ ಹರಳೇ ಇದೆ. ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಉಪಯೋಗವೂ ಉಂಟು. ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲವನ್ನು ಅಮೋನಿಯಂ ನೈಟ್ರೇಟ್ ಅನ್ನು ನಿಯಂತ್ರಿತವಾಗಿ ಕಾಯಿಸಿಯೇ ತಯಾರಿಸಲಾಗುತ್ತದೆ.

ಇಷ್ಟು ಬಗೆಯ ಉಪಯೋಗವಿರುವ ವಸ್ತುವನ್ನು ಪೂರ್ಣವಾಗಿ ನಿಷೇಧಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಫ್ಘಾನಿಸ್ತಾನದ ಅನುಭವ ಕಣ್ಣಮುಂದಿದೆ. ಅಲ್ಲಿನ ಸರ್ಕಾರ 2010ರ ಜನವರಿಯಲ್ಲಿ ಅಮೋನಿಯಂ ನೈಟ್ರೇಟ್ ಗೊಬ್ಬರವನ್ನು ನಿಷೇಧಿಸಿತು. ನಿಷೇಧದ ನಂತರವೂ ಗಡಿಯಾಚೆಯಿಂದ ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಕಳ್ಳಸಾಗಣೆಯಾಗಿ ಬಂದಿತು. ಅದರ ಮೇಲೂ ಕಣ್ಣು ಬಿದ್ದಾಗ ಬಾಂಬು ಮಾಡುವವರು ಬೆಂಕಿಪೊಟ್ಟಣ ಹಾಗೂ ಜವಳಿ ಉದ್ಯಮದಲ್ಲಿ ಬಳಕೆಯಾಗುವ ಪೊಟ್ಯಾಸಿಯಂ ಕ್ಲೋರೇಟ್ ಕಡೆಗೆ ತಿರುಗಿದರು. ಬಾಗಿಲು ಮುಚ್ಚಿದಾಗ ಪ್ರಾಮಾಣಿಕ ಗ್ರಾಹಕ ಹೊರಗೆ ಉಳಿದನು, ಅಪ್ರಾಮಾಣಿಕನು ಕಿಟಕಿಯಿಂದ ಒಳಬಂದನು. ಆದುದರಿಂದ ಸರಕು ಮಾರುಕಟ್ಟೆಯಲ್ಲಿ ಇರಲಿ, ಆದರೆ ಪ್ರತಿ ಚೀಲವೂ ಯಾರ ಕೈಯಲ್ಲಿದೆ ಎಂಬುದು ಗೊತ್ತಿರಲಿ ಎಂಬ ನೀತಿಯತ್ತಲೇ ಹೆಚ್ಚಿನ ದೇಶಗಳು ವಾಲಿವೆ. ಈ ನೀತಿಯ ಭಾರವೆಲ್ಲ ಲೆಕ್ಕದ ಮೇಲೆ ಬೀಳುತ್ತದೆ.

ಅಪಾಯದ ಎರಡು ಮುಖಗಳು

ಮೊದಲನೆಯದು ಅಪಘಾತ. ಜರ್ಮನಿಯ ಓಪಾವು ಎಂಬಲ್ಲಿ 1921ರ ಸೆಪ್ಟೆಂಬರ್ 21ರಂದು ಗಟ್ಟಿಕಟ್ಟಿದ್ದ ಅಮೋನಿಯಂ ಸಲ್ಫೇಟ್-ನೈಟ್ರೇಟ್ ಮಿಶ್ರಣದ ರಾಶಿಯನ್ನು ಸಡಿಲಿಸಲು ಸಣ್ಣ ಸಿಡಿಮದ್ದು ಇಡಲಾಯಿತು. ಅದೇ ವಿಧಾನವನ್ನು ಅದಕ್ಕೂ ಮುನ್ನ ಸಾವಿರಾರು ಬಾರಿ ಅನುಸರಿಸಲಾಗಿತ್ತು. ಆ ದಿನ ರಾಶಿಯೇ ಸಿಡಿದು ಐನೂರಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಟೆಕ್ಸಾಸ್ ಸಿಟಿ ಬಂದರಿನಲ್ಲಿ 1947ರ ಏಪ್ರಿಲ್ 16ರಂದು ಗ್ರಾಂಕಾಂ ಎಂಬ ಹಡಗಿನಲ್ಲಿದ್ದ ಎರಡು ಸಾವಿರ ಟನ್ನಿಗೂ ಮಿಕ್ಕ ಅಮೋನಿಯಂ ನೈಟ್ರೇಟ್ ಸ್ಫೋಟಿಸಿ ಸುಮಾರು 580 ಜನರ ಪ್ರಾಣ ಹೋಯಿತು. ಸಾಮಾನ್ಯ ಸ್ಥಿತಿಯಲ್ಲಿ ಸುಮ್ಮನಿರುವ ಈ ವಸ್ತು ಬೆಂಕಿ, ಕಲಬೆರಕೆ, ಇಕ್ಕಟ್ಟು ಮೂರೂ ಸೇರಿದಾಗ ಸ್ಫೋಟಕವಾಗುತ್ತದೆ.

ಎರಡನೆಯದು ಸರಕು ದಾರಿ ತಪ್ಪುವುದು. 1995ರ ಏಪ್ರಿಲ್ 19ರಂದು ಅಮೆರಿಕದ ಓಕ್ಲಹೋಮ ಸಿಟಿಯ ಸರ್ಕಾರಿ ಕಟ್ಟಡದ ಮುಂದೆ ಲಾರಿ ಬಾಂಬು ಸಿಡಿದು 168 ಜನ ಸತ್ತರು. ಅದಕ್ಕೆ ಬಳಸಿದ ಅಮೋನಿಯಂ ನೈಟ್ರೇಟ್ ಕದ್ದ ಮಾಲಲ್ಲ. 1994ರ ಸೆಪ್ಟೆಂಬರ್ ಹಾಗೂ ಅಕ್ಟೋಬರ್‌ನಲ್ಲಿ ಕಾನ್ಸಾಸ್ ರಾಜ್ಯದ ಒಂದು ರೈತ ಸಹಕಾರಿ ಮಳಿಗೆಯಿಂದ ತಲಾ 50 ಪೌಂಡಿನ 40 ಚೀಲಗಳಂತೆ ಎರಡು ಕಂತಿನಲ್ಲಿ, ಸುಳ್ಳು ಹೆಸರಿನಲ್ಲಿ, ನಗದು ಕೊಟ್ಟು ಖರೀದಿಸಿದ ಮಾಲು ಅದು. ಒಟ್ಟು ಸುಮಾರು 1.8 ಟನ್. ಮಾರಿದವರು ಯಾವ ಕಾನೂನನ್ನೂ ಮುರಿದಿರಲಿಲ್ಲ, ಏಕೆಂದರೆ ಗುರುತು ಕೇಳಬೇಕೆಂಬ ನಿಯಮವೇ ಇರಲಿಲ್ಲ. ಮುಂದೆ ಆರೋಪಿಯೊಬ್ಬನ ಮನೆಯ ಅಡುಗೆಕೋಣೆಯಲ್ಲಿ ಮೊದಲ ಕಂತಿನ ರಸೀದಿ ಸಿಕ್ಕಿತು. ಅದರ ಮೇಲೆ ಪ್ರಮುಖ ಆರೋಪಿಯ ಬೆರಳಚ್ಚೂ ಇತ್ತು. ಮಾರಾಟದ ರಸೀದಿ ಅಪರಾಧವನ್ನು ತಡೆಯಲಿಲ್ಲ, ಅಪರಾಧಿಯನ್ನು ಹಿಡಿಯಲು ಮಾತ್ರ ನೆರವಾಯಿತು. ರಸೀದಿ ಬರೆಯುವಾಗಲೇ ಎರಡು ಪ್ರಶ್ನೆ ಕೇಳಿದ್ದರೆ ಏನಾಗುತ್ತಿತ್ತು ಎಂಬುದು ಊಹೆಗೆ ಬಿಟ್ಟ ವಿಷಯ. ಮುಂದಿನ ಲೆಕ್ಕಾಚಾರಕ್ಕಾಗಿ ಈ 1.8 ಟನ್ ಎಂಬ ಅಂಕಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಭಾರತದ ಕಾನೂನು

ನಮ್ಮ ದೇಶದಲ್ಲಿ 2011ರ ಜುಲೈ 13ರಂದು ಮುಂಬೈಯಲ್ಲಿ ನಡೆದ ಸರಣಿ ಸ್ಫೋಟಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಕೆಯಾಗಿರುವುದನ್ನು ಕೇಂದ್ರ ಗೃಹ ಸಚಿವಾಲಯ ಪ್ರಕಟಿಸಿತು. ಅದೇ ತಿಂಗಳ 21ರಂದು ಹೊರಟ ಅಧಿಸೂಚನೆಯು, ತೂಕದಲ್ಲಿ ಶೇ. 45ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರುವ ಯಾವುದೇ ಮಿಶ್ರಣವನ್ನು 1884ರ ಸ್ಫೋಟಕಗಳ ಕಾಯ್ದೆಯ ಅರ್ಥದಲ್ಲಿ ಸ್ಫೋಟಕವೆಂದು ಘೋಷಿಸಿತು. 2012ರ ಜುಲೈನಲ್ಲಿ ಅಮೋನಿಯಂ ನೈಟ್ರೇಟ್ ನಿಯಮಗಳು ಜಾರಿಗೆ ಬಂದವು. ಅಮೋನಿಯಂ ನೈಟ್ರೇಟ್ ಅನ್ನು ಬೇರ್ಪಡಿಸಲಾಗದಂತಹ ಗೊಬ್ಬರಗಳನ್ನು ಇದರಿಂದ ಹೊರಗಿಡಲಾಗಿದೆ. ಹೀಗಾಗಿ ರೈತನಿಗೆ ತೊಂದರೆಯಿಲ್ಲ. ಆದರೆ ತಯಾರಿಕೆ, ಆಮದು, ರಫ್ತು, ದಾಸ್ತಾನು, ಮಾರಾಟ, ಸಾಗಣೆ ಎಲ್ಲಕ್ಕೂ ಪರವಾನಗಿ ಬೇಕು. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಅಂದರೆ ವ್ಯಾಪಾರಿಗಳು ‘ಪೆಸೋ’ ಎನ್ನುವ ಸಂಸ್ಥೆ, ಹಾಗೂ ಜಿಲ್ಲಾಡಳಿತ ಇದರ ಉಸ್ತುವಾರಿ ನೋಡಿಕೊಳ್ಳುತ್ತವೆ. ಪರವಾನಗಿ ಇಲ್ಲದವನಿಗೆ ಮಾರುವಂತಿಲ್ಲ. ನಿಗದಿತ ನಮೂನೆಯಲ್ಲಿ ಲೆಕ್ಕ ಇಡಬೇಕು. ಕಳವು ಅಥವಾ ಕೊರತೆ ಕಂಡುಬಂದರೆ ಕೂಡಲೇ ತಿಳಿಸಬೇಕು.

ಕಾಗದದ ಮೇಲೆ ಇದು ಸಮರ್ಪಕವಾಗಿಯೇ ಇದೆ. ತೊಡಕು ಇರುವುದು ‘ಕೊರತೆ’ ಎಂಬ ಪದದಲ್ಲಿ. ಎಷ್ಟು ಕಡಿಮೆಯಾದರೆ ಕೊರತೆ?

ಗಣನೀಯತೆಯ ಪ್ರಶ್ನೆ

ಲೆಕ್ಕ ಪರಿಶೋಧನೆಯಲ್ಲಿ ‘ಗಣನೀಯತೆ’ ಎಂಬ ತತ್ವವಿದೆ. ಲೆಕ್ಕಪತ್ರವನ್ನು ನಂಬಿ ನಿರ್ಧಾರ ಕೈಗೊಳ್ಳುವವನ ತೀರ್ಮಾನವನ್ನು ಬದಲಿಸಬಲ್ಲಷ್ಟು ದೊಡ್ಡ ತಪ್ಪು ಮಾತ್ರ ಗಣನೀಯ. ಕಂಪನಿಗಳ ಲೆಕ್ಕ ಪರಿಶೋಧಕರ ವರದಿಗೆ ಸಂಬಂಧಿಸಿದ 2020ರ ಆದೇಶದ ಪ್ರಕಾರ, ದಾಸ್ತಾನಿನ ಭೌತಿಕ ತಪಾಸಣೆಯಲ್ಲಿ ಯಾವುದೇ ವರ್ಗದ ಸರಕಿನಲ್ಲಿ ಒಟ್ಟಾರೆ ಶೇ. 10 ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಕಂಡುಬಂದಿದೆಯೇ, ಬಂದಿದ್ದರೆ ಅದನ್ನು ಪುಸ್ತಕದಲ್ಲಿ ಸರಿಯಾಗಿ ನಿಭಾಯಿಸಲಾಗಿದೆಯೇ ಎಂಬುದನ್ನು ವರದಿಯಲ್ಲಿ ಹೇಳಬೇಕು. ಹೂಡಿಕೆದಾರನ ದೃಷ್ಟಿಯಿಂದ ಈ ಮಿತಿ ಒಪ್ಪತಕ್ಕದ್ದೇ.

ಈಗ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಪರವಾನಗಿ ಹೊಂದಿದ ವಿತರಕ ಕಂಪನಿಯೊಂದರ ಪುಸ್ತಕದಲ್ಲಿ ಮಾರ್ಚ್ 31ಕ್ಕೆ 500 ಟನ್ ಅಮೋನಿಯಂ ನೈಟ್ರೇಟ್ ಇದೆ. ಎಣಿಸಿದಾಗ ಸಿಕ್ಕಿದ್ದು 488 ಟನ್. ಕೊರತೆ 12 ಟನ್, ಅಂದರೆ ಶೇ. 2.4. ಶೇ. 10ರ ಮಿತಿಗಿಂತ ಬಹಳ ಕೆಳಗೆ. ‘ನಿರ್ವಹಣಾ ನಷ್ಟ’ ಎಂಬ ಒಂದು ಜರ್ನಲ್ ನಮೂದಿನಿಂದ ಪುಸ್ತಕ ಸರಿಹೋಗುತ್ತದೆ. ಪರಿಶೋಧಕರ ವರದಿಯಲ್ಲಿ ಆ ವಿಷಯ ಬರಲೇಬೇಕೆಂಬ ನಿಯಮವಿಲ್ಲ. ಆದರೆ 12 ಟನ್ ಎಂದರೆ 50 ಕಿಲೋ ತೂಕದ 240 ಚೀಲ, ಓಕ್ಲಹೋಮದ ಮಳಿಗೆಯಿಂದ ಹೋದ ಮಾಲಿನ ಆರು ಪಟ್ಟಿಗೂ ಹೆಚ್ಚು. ಲೆಕ್ಕಪತ್ರದ ಭಾಷೆಯಲ್ಲಿ ನಗಣ್ಯವಾದದ್ದು ಭದ್ರತೆಯ ಭಾಷೆಯಲ್ಲಿ ಮಹಾ ಗಣನೀಯ. ಶೇಕಡಾವಾರು ಅಳತೆ ಇಲ್ಲಿ ದಾರಿ ತಪ್ಪಿಸುತ್ತದೆ. ಗೋದಾಮು ದೊಡ್ಡದಾದಷ್ಟೂ ಅದೇ ಶೇಕಡಾವಾರಿನ ಮರೆಯಲ್ಲಿ ಹೆಚ್ಚು ಚೀಲಗಳು ಅಡಗಬಲ್ಲವು.

ಪರಿಶೋಧನಾ ಮಾನದಂಡ 320 ಗಣನೀಯತೆಯನ್ನು ಮೊತ್ತದಿಂದ ಮಾತ್ರವಲ್ಲ, ಸ್ವರೂಪದಿಂದಲೂ ಅಳೆಯಬೇಕೆಂದು ಹೇಳುತ್ತದೆ. ಮಾನದಂಡ 250 ಉದ್ಯಮಕ್ಕೆ ಅನ್ವಯವಾಗುವ ಕಾನೂನುಗಳ ಪಾಲನೆಯನ್ನು ಗಮನಿಸಲು ಸೂಚಿಸುತ್ತದೆ. ಆದಕಾರಣ ಶೇ. 10ರ ಮಿತಿಯ ಹಿಂದೆ ಅವಿತುಕೊಳ್ಳುವುದು ಪರಿಶೋಧಕರಿಗೂ ಶೋಭಿಸುವುದಿಲ್ಲ. ಇನ್ನು ಪಾಲುದಾರಿಕೆ ಹಾಗೂ ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳಿಗೆ ಈ ಆದೇಶವೇ ಅನ್ವಯಿಸದು. ಕಲ್ಲು ಗಣಿ ಹಾಗೂ ಕ್ರಷರ್ ವ್ಯವಹಾರದಲ್ಲಿ ಅಂತಹ ಸಂಸ್ಥೆಗಳು ಹೇರಳವಾಗಿವೆ.

ತೇವದ ವಿಷಯವನ್ನೂ ಮರೆಯಬಾರದು. ಅಮೋನಿಯಂ ನೈಟ್ರೇಟ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಮಳೆಗಾಲದಲ್ಲಿ ತೂಕ ಹೆಚ್ಚುತ್ತದೆ, ಚೀಲ ಗಟ್ಟಿಕಟ್ಟುತ್ತದೆ. ಮೇಲಿನ ಗೋದಾಮಿನಲ್ಲಿ ತೇವದಿಂದ ತೂಕ ಶೇ. 1ರಷ್ಟು ಏರಿದರೂ ಸುಮಾರು 5 ಟನ್, ಅಂದರೆ ನೂರು ಚೀಲಗಳ ಕೊರತೆ ತೂಕದ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ತೂಕವನ್ನು ಮಾತ್ರ ನೋಡುವ ಗುಮಾಸ್ತನಿಗೆ ಪುಸ್ತಕ ತಾಳೆಯಾದಂತೆಯೇ ಕಾಣುವುದು. ಆದುದರಿಂದ ಚೀಲಗಳ ಎಣಿಕೆ ಹಾಗೂ ತೂಕ ಎರಡನ್ನೂ ಪ್ರತ್ಯೇಕ ಕಾಲಂಗಳಲ್ಲಿ ಬರೆಯುವುದು, ಎಣಿಕೆಯನ್ನು ವರ್ಷಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆಯಾದರೂ ನಡೆಸುವುದು, ಬೀಗದ ಕೈ ಇರುವವನೇ ವಹಿ ಬರೆಯದಂತೆ ನೋಡಿಕೊಳ್ಳುವುದು ಅವಶ್ಯ. ಇದಕ್ಕೆ ತಗಲುವ ಖರ್ಚು ಒಬ್ಬ ನೌಕರನ ಒಂದೆರಡು ದಿನದ ಸಂಬಳ.

ತೆರಿಗೆ ದಾಖಲೆಗಳೇ ಸಾಕಲ್ಲವೇ ಎಂಬ ವಾದವೂ ಕೇಳಿಬರುತ್ತದೆ. ಜಿಎಸ್‌ಟಿ ಇನ್‌ವಾಯ್ಸ್ ಇದೆ, 3102 30 ಎಂಬ ಸರಕಿನ ಸಂಕೇತವಿದೆ, ಇ-ವೇ ಬಿಲ್ ಇದೆ. ಆದರೆ ತೆರಿಗೆ ಕಾನೂನು ನೋಡುವುದು ಮೌಲ್ಯವನ್ನು. ಇ-ವೇ ಬಿಲ್‌ನ ಸಾಮಾನ್ಯ ಮಿತಿ 50,000 ರೂಪಾಯಿ. ಒಂದಷ್ಟು ಚೀಲಗಳ ರವಾನೆ ಆ ಮಿತಿಯ ಒಳಗೇ ಉಳಿಯಬಲ್ಲದು. ಚಿನ್ನದಂತಹ ಸರಕಿನಲ್ಲಿ ಬೆಲೆಯೇ ಅಪಾಯದ ಅಳತೆ. ಇಲ್ಲಿ ಬೆಲೆ ಅಗ್ಗ, ಅಪಾಯ ದುಬಾರಿ. ಯುರೋಪಿನ ಒಕ್ಕೂಟ 2021ರ ಫೆಬ್ರವರಿಯಿಂದ ಅನ್ವಯವಾದ ತನ್ನ ನಿಯಮದಲ್ಲಿ ಮೌಲ್ಯವನ್ನು ಬದಿಗಿಟ್ಟಿದೆ. ಶೇ. 16 ಅಥವಾ ಹೆಚ್ಚಿನ ಸಾರಜನಕವಿರುವ ಅಮೋನಿಯಂ ನೈಟ್ರೇಟ್ ಸಾರ್ವಜನಿಕರಿಗೆ ಸಿಗದು. ವೃತ್ತಿಪರ ಗ್ರಾಹಕನ ಗುರುತು ಹಾಗೂ ಉದ್ದೇಶವನ್ನು ಮಾರಾಟಗಾರ ಪರೀಕ್ಷಿಸಬೇಕು. ಅನುಮಾನಾಸ್ಪದ ಖರೀದಿ ಹಾಗೂ ಗಮನಾರ್ಹ ಕಣ್ಮರೆಯನ್ನು 24 ಗಂಟೆಯೊಳಗೆ ವರದಿ ಮಾಡಬೇಕು. ರೈತನಿಗೆ ಗೊಬ್ಬರ ದೊರೆಯುತ್ತಲೇ ಇದೆ.

ವಾರಸುದಾರರಿಲ್ಲದ ದಾಸ್ತಾನು

ಮಾಲೀಕನಿರುವ ಗೋದಾಮಿಗಿಂತ ಮಾಲೀಕನಿಲ್ಲದ ಗೋದಾಮು ಹೆಚ್ಚು ಅಪಾಯಕರ. ಲೆಬನಾನಿನ ಬೈರೂತ್ ಬಂದರಿಗೆ 2013ರ ನವೆಂಬರ್‌ನಲ್ಲಿ ರೋಸಸ್ ಎಂಬ ಹಡಗು ಬಂದಿತು. ಜಾರ್ಜಿಯಾದಿಂದ ಮೊಜಾಂಬಿಕ್‌ಗೆ ಹೊರಟಿದ್ದ ಅದರಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಇತ್ತು. ಹಡಗು ಮುಂದೆ ಹೋಗಲಿಲ್ಲ. ಮರುವರ್ಷ ಮಾಲನ್ನು ಇಳಿಸಿ 12ನೇ ಸಂಖ್ಯೆಯ ಉಗ್ರಾಣದಲ್ಲಿ ಇರಿಸಲಾಯಿತು. ವಿಲೇವಾರಿಗೆ ಆದೇಶ ಕೋರಿ ಸುಂಕದ ಅಧಿಕಾರಿಗಳು 2014ರಿಂದ 2017ರವರೆಗೆ ನ್ಯಾಯಾಲಯಕ್ಕೆ ಹಲವು ಪತ್ರ ಬರೆದರು. ಪತ್ರಗಳು ಕಡತ ಸೇರಿದವು. 2020ರ ಆಗಸ್ಟ್ 4ರಂದು ಉಗ್ರಾಣ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಆರು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಆಸ್ತಿಹಾನಿಯನ್ನು ವಿಶ್ವ ಬ್ಯಾಂಕ್ 380 ಕೋಟಿಯಿಂದ 460 ಕೋಟಿ ಡಾಲರ್ ಎಂದು ಅಂದಾಜಿಸಿತು.

ಲೆಕ್ಕ ಬಲ್ಲವರು ಗಮನಿಸಲೇಬೇಕಾದ ಅಂಶ ಇದರ ನಂತರದ್ದು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2020ರ ಅಕ್ಟೋಬರ್‌ನಲ್ಲಿ ಸಿದ್ಧಪಡಿಸಿದ ವರದಿಯ ಅಂದಾಜಿನಂತೆ, ಆ ದಿನ ಸ್ಫೋಟಿಸಿದ್ದು ಸುಮಾರು 552 ಟನ್ ಮಾತ್ರ. ಪುಸ್ತಕದಲ್ಲಿ 2,750, ಸ್ಫೋಟದಲ್ಲಿ 552. ಉಳಿದ ಸುಮಾರು 2,200 ಟನ್ ಏನಾಯಿತು ಎಂಬುದಕ್ಕೆ ವರದಿ ವಿವರಣೆ ನೀಡಲಿಲ್ಲ. ಒಂದು ಭಾಗ ಸಿಡಿಯದೆ ಚದುರಿ ಸಮುದ್ರ ಸೇರಿರಬಹುದೆಂಬ ವಾದವಿದೆ, ಮೊದಲೇ ಕಳವಾಗಿತ್ತೆಂಬ ಶಂಕೆಯೂ ಇದೆ. ಆರು ವರ್ಷಗಳಲ್ಲಿ ನಂಬಲರ್ಹವಾದ ಒಂದೇ ಒಂದು ಎಣಿಕೆಯ ದಾಖಲೆ ಇದ್ದಿದ್ದರೂ ಈ ವಾದ ಒಂದು ದಿನದಲ್ಲಿ ಇತ್ಯರ್ಥವಾಗುತ್ತಿತ್ತು.

ಆಗ ಭಾರತವೂ ತನ್ನ ಬಂದರುಗಳತ್ತ ನೋಡಿಕೊಂಡಿತು. 2015ರಲ್ಲಿ ಸುಂಕ ಇಲಾಖೆ ತಡೆಹಿಡಿದಿದ್ದ ಸುಮಾರು 697 ಟನ್ ಅಮೋನಿಯಂ ನೈಟ್ರೇಟ್ ಚೆನ್ನೈ ಬಳಿಯ ಮಣಲಿಯ ಕಂಟೇನರ್ ನಿಲ್ದಾಣದಲ್ಲಿ 37 ಕಂಟೇನರ್‌ಗಳಲ್ಲಿ ಉಳಿದಿತ್ತು. ಅದನ್ನು ಇ-ಹರಾಜಿನಲ್ಲಿ ಹೈದರಾಬಾದಿನ ಪರವಾನಗಿ ಹೊಂದಿದ ಕಂಪನಿಗೆ ಮಾರಿ, ಬೈರೂತ್ ದುರಂತದ ಒಂದು ವಾರದೊಳಗೆ ಸಾಗಣೆ ಆರಂಭಿಸಲಾಯಿತು. ಐದು ವರ್ಷ ಕದಲದ ಮಾಲು ಐದಾರು ದಿನದಲ್ಲಿ ಕದಲಿತು. 2021ರಲ್ಲಿ ನಿಯಮಗಳಿಗೆ ತಿದ್ದುಪಡಿ ಬಂದಿತು: ವಶಪಡಿಸಿಕೊಂಡ ಮಾಲನ್ನು ಹರಾಜಿನ ಮೂಲಕ ಬೇಗ ವಿಲೇವಾರಿ ಮಾಡಲು ಅವಕಾಶ, ಆಮದು ಚೀಲಗಳಲ್ಲೇ ಆಗಬೇಕೆಂಬ ಷರತ್ತು, ಬಂದರಿನಿಂದ 500 ಮೀಟರ್ ಆಚೆಯ ಉಗ್ರಾಣಕ್ಕೆ ಸಾಗಿಸಬೇಕೆಂಬ ವಿಧಿ, ಅಗ್ನಿಶಾಮಕ ಸೌಕರ್ಯ ಹಾಗೂ ನೆಲಹಾಸಿನ ಬಗ್ಗೆ ಸೂಚನೆಗಳು. ಸುಂಕದ ತಕರಾರಿನಲ್ಲಿ ಸಿಕ್ಕಿಬಿದ್ದ ಇಂತಹ ಮಾಲು ಇರುವ ಆಮದುದಾರರು, ದಂಡದ ಮೊತ್ತ ತೀರ್ಮಾನವಾಗಲೆಂದು ಕಾಯದೆ ವಿಲೇವಾರಿಗೆ ಲಿಖಿತ ಒಪ್ಪಿಗೆ ನೀಡಿ ಹಣದ ಮೇಲಿನ ಹಕ್ಕನ್ನು ಕಾದಿರಿಸಿಕೊಳ್ಳುವುದು ವಿವೇಕ. ವಶದಲ್ಲಿರುವ ಸ್ಫೋಟಕ ಸಾಮಗ್ರಿ ಪೊಲೀಸರಿಗೂ ಸುರಕ್ಷಿತವಲ್ಲ. 2025ರ ನವೆಂಬರ್ 14ರ ರಾತ್ರಿ ಶ್ರೀನಗರದ ನೌಗಾಮ್ ಠಾಣೆಯಲ್ಲಿ, ಫರೀದಾಬಾದಿನಿಂದ ತಂದಿದ್ದ ಸಾಮಗ್ರಿಯ ಮಾದರಿ ತೆಗೆಯುವಾಗ ಆಕಸ್ಮಿಕವಾಗಿ ಸ್ಫೋಟವಾಗಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು.

ವಿಮೆ

ಈ ಭಾಗವನ್ನು ಸಂಕ್ಷಿಪ್ತವಾಗಿ ಹೇಳಬಹುದು. ಅಮೆರಿಕದ ಟೆಕ್ಸಾಸ್ ರಾಜ್ಯದ ವೆಸ್ಟ್ ಎಂಬ ಪಟ್ಟಣದಲ್ಲಿ 2013ರ ಏಪ್ರಿಲ್ 17ರಂದು ಒಂದು ಗೊಬ್ಬರದ ಗೋದಾಮಿಗೆ ಬೆಂಕಿ ತಗುಲಿ ಅಮೋನಿಯಂ ನೈಟ್ರೇಟ್ ಸ್ಫೋಟಿಸಿತು. ಸತ್ತ 15 ಜನರಲ್ಲಿ 12 ಮಂದಿ ಬೆಂಕಿ ನಂದಿಸಲು, ನೆರವಾಗಲು ಹೋದವರು. ವಿಮಾ ಸಂಬಂಧಿತ ನಷ್ಟ ಸುಮಾರು 23 ಕೋಟಿ ಡಾಲರ್ ಎಂದು ಅಂದಾಜಾಯಿತು. ಆ ಸಂಸ್ಥೆಯ ಹೊಣೆಗಾರಿಕೆ ವಿಮೆ ಇದ್ದುದು 10 ಲಕ್ಷ ಡಾಲರಿಗೆ. ಉಳಿದುದನ್ನು ನೆರೆಹೊರೆಯವರೂ ಸರ್ಕಾರವೂ ಹೊತ್ತರು. ಭೋಪಾಲದ ನಂತರ ನಮ್ಮಲ್ಲಿ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕರ ವಸ್ತು ನಿರ್ವಹಿಸುವವರಿಗೆ ವಿಮೆಯನ್ನು ಕಡ್ಡಾಯಗೊಳಿಸಿದೆ. ಕಾಯ್ದೆಗೆ ಬೇಕಾದಷ್ಟು ಮಾತ್ರ ವಿಮೆ ಇಳಿಸುವುದು ಬೇರೆ, ಗೋದಾಮಿನ ಸುತ್ತ ಎಷ್ಟು ಮನೆಗಳಿವೆ ಎಂದು ನೋಡಿ ಇಳಿಸುವುದು ಬೇರೆ.

ಸರಪಳಿಯ ಕೊನೆಯ ಕೊಂಡಿ

ತಯಾರಕ ಹಾಗೂ ದೊಡ್ಡ ವಿತರಕರ ಮಟ್ಟದಲ್ಲಿ ವಹಿಗಳು ಬಹುಮಟ್ಟಿಗೆ ಅಚ್ಚುಕಟ್ಟಾಗಿರುತ್ತವೆ. ಎಳೆ ಸಡಿಲವಾಗುವುದು ಸಣ್ಣ ಕಲ್ಲು ಗಣಿಯ ಬಳಿ. ಜಿಲೆಟಿನ್ ಕಡ್ಡಿ ಎಂದು ಇಂದಿಗೂ ಕರೆಯಲಾಗುವ ಸಿಡಿಮದ್ದಿನ ಬಹುಪಾಲು ಈಗ ಅಮೋನಿಯಂ ನೈಟ್ರೇಟ್ ಆಧಾರಿತ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲು ಗಣಿಗೆಂದು ಬಂದಿದ್ದ ಸ್ಫೋಟಕಗಳು ಸಿಡಿದು ಕನಿಷ್ಠ ಐವರು ಸತ್ತರು, ಸುತ್ತಲಿನ ಜಿಲ್ಲೆಗಳಲ್ಲಿ ಭೂಕಂಪವೆಂದು ಜನ ಮನೆಯಿಂದ ಹೊರಗೋಡಿದರು. ತಿಂಗಳು ಕಳೆದ ಬಳಿಕ, ಫೆಬ್ರವರಿ 23ರಂದು, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಅಕ್ರಮವಾಗಿ ಇರಿಸಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋಗಿ ಆರು ಜನ ಮಡಿದರು. ಇವೆರಡೂ ಭಯೋತ್ಪಾದನೆಯ ಪ್ರಕರಣಗಳಲ್ಲ. ಆದರೆ ಲೆಕ್ಕವಿಲ್ಲದೆ ಹಳ್ಳಿಯ ಅಂಚಿಗೆ ಬಂದು ಕುಳಿತ ಸ್ಫೋಟಕ ಯಾರ ಕೈಗೂ ಹೋಗಬಹುದಿತ್ತು.

ಸಣ್ಣ ಗಣಿ ಮಾಲೀಕರು ತಾವೇ ದಾಸ್ತಾನು ಇಡುವ ಬದಲು, ಪರವಾನಗಿ ಇರುವ ಸಂಸ್ಥೆಯಿಂದ ಸಿಡಿತದ ಕೆಲಸವನ್ನೇ ಸೇವೆಯಾಗಿ ಪಡೆಯುವುದು ಸೂಕ್ತ. ಆ ದಿನ ತಂದದ್ದನ್ನು ಆ ದಿನವೇ ಬಳಸಿ, ಉಳಿದುದನ್ನು ಅದೇ ವಾಹನದಲ್ಲಿ ಮದ್ದಿನ ಉಗ್ರಾಣಕ್ಕೆ ಹಿಂದಿರುಗಿಸುವ ವ್ಯವಸ್ಥೆ ಇದ್ದರೆ ಗಣಿಯಲ್ಲಿ ರಾತ್ರಿ ಏನೂ ಉಳಿಯುವುದಿಲ್ಲ. ಗುತ್ತಿಗೆದಾರರ ಬಿಲ್ಲುಗಳನ್ನು ನೋಡಿದರೆ ಮಾತ್ರ ಬೇರೆಯೇ ಚಿತ್ರ ಕಾಣುತ್ತದೆ. ‘ಬ್ಲಾಸ್ಟಿಂಗ್ ಖರ್ಚು’ ಎಂದು ಒಂದು ಸಾಲು, ಎದುರಿಗೆ ಒಂದು ದುಂಡು ಮೊತ್ತ. ಖರ್ಚಿನ ಪುರಾವೆಗೆ ಅಷ್ಟೇ ಸಾಕಾಗಬಹುದು. ಆದರೆ ಎಷ್ಟು ಕುಳಿ ಕೊರೆಯಲಾಯಿತು, ಎಷ್ಟು ಕಿಲೋ ಮದ್ದು ಬಂದಿತು, ಎಷ್ಟು ಬಳಕೆಯಾಯಿತು, ಎಷ್ಟು ಹಿಂದಿರುಗಿತು, ಸಿಡಿಸಿದ ವ್ಯಕ್ತಿಯ ಪರವಾನಗಿ ಸಂಖ್ಯೆ ಏನು, ಅಂದು ಎಷ್ಟು ಲೋಡ್ ಕಲ್ಲು ಕ್ರಷರಿಗೆ ಹೋಯಿತು ಎಂಬ ಆರು ವಿವರಗಳು ಆ ವೋಚರಿನ ಬೆನ್ನ ಮೇಲೆ ಇರಬೇಕು. ಕಲ್ಲಿನ ಲೋಡಿಗೂ ಮದ್ದಿನ ತೂಕಕ್ಕೂ ಪ್ರತಿ ಗಣಿಯಲ್ಲಿ ಒಂದು ಅನುಪಾತ ಇರುತ್ತದೆ, ಅದು ಮೇಸ್ತ್ರಿಗೆ ಗೊತ್ತು. ಲೆಕ್ಕ ಬರೆಯುವವನಿಗೂ ಗೊತ್ತಾದರೆ, ಕಲ್ಲು ಹೆಚ್ಚದೆ ಮದ್ದು ಮಾತ್ರ ಹೆಚ್ಚಿದ ತಿಂಗಳು ಯಾವುದೆಂದು ಖಾತೆಯ ಪುಟದಲ್ಲೇ ಕಾಣಿಸುತ್ತದೆ.